ಬೀಸುಕಲ್ಲು ಹೋದ ಮೇಲೆ

ಕಳೆದ ತಿಂಗಳು ಅಕ್ಕನ ಮಗಳು ಹುಬ್ಬಳ್ಳಿಯಿಂದ ಲಗ್ನಪತ್ರಿಕೆ ಹಿಡಿದುಕೊಂಡು ನಮ್ಮ ಮನೆಗೆ ಬಂದಿದ್ದಳು. ಅವಳ ಮಗಳ ಮದುವೆ. ಹುಡುಗಿ ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಳೆ, ಹುಡುಗನೂ ಅಲ್ಲಿಯೇ ಇದ್ದಾನೆ. ಪತ್ರಿಕೆ ಕೊಟ್ಟು, ಚಹಾ ಕುಡಿದು, ಸೀರೆ ಬಂಗಾರದ ಮಾತೆಲ್ಲ ಮುಗಿಸಿ ಎದ್ದವಳು ಬಾಗಿಲಲ್ಲಿ ಚಪ್ಪಲಿ ಮೆಟ್ಟುತ್ತ ತಿರುಗಿ ನಿಂತಳು.

'ಚಿಗವ್ವಾ, ಸಾಲ್ಯಾಗ ನೂರಾರು ಹುಡುಗ್ಯಾರಿಗೆ ಬುದ್ಧಿ ಹೇಳಿದಾಕಿ ನೀನು. ನಮ್ಮ ಹುಡುಗಿಗೂ ನಾಕು ಮಾತು ಹೇಳು. ನಾ ಹೇಳಿದ್ರ ಕೇಳಂಗಿಲ್ಲ. ಭಾಳ ಏನೂ ಬ್ಯಾಡ, ನಮ್ಮ ಅವ್ವನ ಹಂಗ ಇರು ಅಂತ ಹೇಳು, ಸಾಕು.'

ನಾನು 'ಆಗಲಿ' ಅಂದೆ. ಅಂದುಬಿಟ್ಟೆ. ಮನೆಗೆ ಬಂದವರ ಮಾತನ್ನು ಬಾಗಿಲಲ್ಲಿ ನಿಂತು ಅಲ್ಲಗಳೆಯಬಾರದು ಎಂದು ನಮಗೆ ಚಿಕ್ಕಂದಿನಿಂದ ಕಲಿಸಿದ್ದಾರೆ. ಆದರೆ ಆ ರಾತ್ರಿ ನಿದ್ದೆ ಬರಲಿಲ್ಲ. ಅಕ್ಕನ ಹಾಗೆ ಇರು ಎಂದು ಆ ಹುಡುಗಿಗೆ ಹೇಳಲೇ? ಹೇಳಬಹುದೇ? ಈ ಪ್ರಶ್ನೆಯನ್ನು ಎರಡು ವಾರದಿಂದ ಹೊರಳಾಡಿಸುತ್ತಿದ್ದೇನೆ. ಅದನ್ನೇ ಇಲ್ಲಿ ನಿಮ್ಮ ಮುಂದೆ ಇಡುತ್ತಿದ್ದೇನೆ. ಏಕೆಂದರೆ ಇಂಥ ಮಾತು ಹೇಳುವ ಪ್ರಸಂಗ, ಇಲ್ಲವೆ ಕೇಳುವ ಪ್ರಸಂಗ, ನಿಮಗೂ ಬಂದೇ ಇರುತ್ತದೆ.

ನಮ್ಮ ತವರು ಆಗಿನ ವಿಜಾಪುರ ಜಿಲ್ಲೆಯ, ಈಗ ಬಾಗಲಕೋಟೆ ಜಿಲ್ಲೆಗೆ ಸೇರಿದ ಹುನಗುಂದದ ಕಡೆಯ ಒಂದು ಹಳ್ಳಿ. ಇಳಕಲ್ಲು ಹತ್ತಿರ. ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಊರಲ್ಲಿ ಅವಳಿಗೆ 'ಲಕ್ಷಣದ ಹುಡುಗಿ' ಎಂದೇ ಹೆಸರು. ಬಣ್ಣದಲ್ಲಿ ನಾನೇ ಒಂದು ಕೈ ಮೇಲು, ಆದರೆ ಲಕ್ಷಣ ಎಂಬ ಮಾತು ನನ್ನ ಪಾಲಿಗೆ ಎಂದೂ ಬರಲಿಲ್ಲ. ಅದು ಮೈಬಣ್ಣದ ಮಾತಲ್ಲ ಎಂಬುದು ನನಗೆ ಆಗಲೇ ತಿಳಿದಿತ್ತು. ಅಕ್ಕ ನಡೆದರೆ ಕಾಲ್ಗೆಜ್ಜೆಯ ಸಪ್ಪಳ ಕೇಳುತ್ತಿತ್ತು, ಹೆಜ್ಜೆಯ ಸಪ್ಪಳ ಕೇಳುತ್ತಿರಲಿಲ್ಲ. ಬಂದವರಿಗೆ 'ಬರ್ರಿ, ಕೂಡ್ರಿ' ಎಂದು ಮೊದಲು ನೀರು, ಬೆಲ್ಲ ತಂದಿಟ್ಟು ಆಮೇಲೆ ಯಾಕೆ ಬಂದಿರಿ ಎಂದು ಕೇಳುತ್ತಿದ್ದಳು. ಅದೂ ನೇರವಾಗಿ ಅಲ್ಲ. ಅವಳು ರೊಟ್ಟಿ ಬಡಿಯುವಾಗ ನೋಡಬೇಕಿತ್ತು, ಕೊಣಮಿಗೆಯಲ್ಲಿ ರೊಟ್ಟಿ ತಾನೇ ತಿರುಗುತ್ತಿದೆ ಎನ್ನುವ ಹಾಗೆ. ಇಳಕಲ್ಲ ಸೀರೆ, ಗುಳೇದಗುಡ್ಡದ ಖಣದ ಕುಪ್ಪಸ, ತಲೆಯ ಮೇಲೆ ಸೆರಗು. ಇಷ್ಟರಲ್ಲೇ ಅವಳು ಎದ್ದು ನಿಂತರೆ ಪಡಸಾಲೆಯೇ ಎದ್ದು ನಿಂತ ಹಾಗೆ ಇರುತ್ತಿತ್ತು.

ಈಗ ಕಾಲೇಜುಗಳಲ್ಲಿ ವರ್ಷಕ್ಕೊಂದು ದಿನ 'ಎಥ್ನಿಕ್ ಡೇ' ಎಂದು ಮಾಡುತ್ತಾರೆ. ಅಂದು ಹುಡುಗಿಯರು ಅಜ್ಜಿಯ ಪೆಟ್ಟಿಗೆಯಿಂದ ಇಳಕಲ್ಲ ಸೀರೆ ತೆಗೆದು ಉಟ್ಟು, ಮೂಗಿಗೆ ನತ್ತು ಸಿಗಿಸಿಕೊಂಡು ಫೋಟೋ ತೆಗೆಸಿಕೊಳ್ಳುತ್ತಾರೆ. ನೋಡಿದರೆ ನನಗೆ ಸಂತೋಷವೇ ಆಗುತ್ತದೆ. ಆದರೆ ಅವರ ಹಿಂದೆಯೇ ಉಪದೇಶ ಹೇಳುವವರೂ ಬರುತ್ತಾರೆ. ನಮ್ಮ ಕಡೆಯ ಹೆಣ್ಣುಮಕ್ಕಳ ಗತ್ತೇ ಬೇರೆ, ಆ ನಯ, ಆ ನಾಚಿಕೆ, ಆ ಮೆಲುಮಾತು ಈಗಿನವರಲ್ಲಿ ಎಲ್ಲಿದೆ, ಅದನ್ನು ತಿರುಗಿ ಕಲಿತರೆ ಸಂಸಾರಗಳು ಉಳಿಯುತ್ತವೆ ಎಂದು. ಹೇಳುವವರು ಕೆಟ್ಟವರಲ್ಲ. ಎಷ್ಟೋ ಸಲ ನಾನೇ ಹೇಳಿದ್ದೇನೆ. ಮೂವತ್ತೊಂದು ವರ್ಷ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವಳು ನಾನು. ಬೆಲ್ಲು ಹೊಡೆದ ಕೂಡಲೇ ಧಡಧಡ ಓಡುವ ಹುಡುಗಿಯರನ್ನು ತಡೆದು 'ಹೆಣ್ಮಕ್ಕಳ ಹಂಗ ನಡೀರಿ' ಎಂದು ಎಷ್ಟು ಸಲ ಅಂದಿದ್ದೇನೋ ಲೆಕ್ಕವಿಲ್ಲ.

ಹಾಗಾದರೆ ಈ ನಯ ಎಂದರೆ ಏನು? ಮೊದಲು ಅದರ ಒಳ್ಳೆಯ ಮುಖವನ್ನೇ ನೋಡೋಣ.

ನಮ್ಮ ಅವ್ವನ ಒಂದು ಪ್ರಸಂಗ ಹೇಳುತ್ತೇನೆ. ನಮ್ಮ ಓಣಿಯಲ್ಲಿ ಒಬ್ಬ ಹೆಣ್ಣುಮಗಳಿದ್ದಳು. ಗಂಡ ದುಡಿಯುತ್ತಿರಲಿಲ್ಲ, ನಾಲ್ಕು ಮಕ್ಕಳು. ಸಂಜೆ ಹೊತ್ತು ಸೆರಗಿನ ಮರೆಯಲ್ಲಿ ಬುಟ್ಟಿ ಹಿಡಿದುಕೊಂಡು ನಮ್ಮ ಹಿತ್ತಲ ಬಾಗಿಲಿಗೆ ಬರುತ್ತಿದ್ದಳು. ಬಂದು ನಿಂತಳೆಂದರೆ ಜೋಳದ ಹಿಟ್ಟು ಬೇಕಾಗಿದೆ ಎಂದು ಅರ್ಥ. ಅವ್ವ ಅವಳನ್ನು ಕೇಳಲು ಬಿಡುತ್ತಲೇ ಇರಲಿಲ್ಲ. 'ಬಾರವಾ, ನಿನ್ನ ಸಣ್ಣ ಮಗಂಗ ಕೆಮ್ಮು ಕಡಿಮಿ ಆತೇನ?' ಎಂದು ಬೇರೆಯೇ ಮಾತು ತೆಗೆದು, ಮಾತಾಡುತ್ತಾಡುತ್ತಲೇ ಅವಳ ಕೈಯ ಬುಟ್ಟಿ ಇಸಿದುಕೊಂಡು, ಹಿಟ್ಟು ಅಳೆದು ಹಾಕಿ, ಮಾತು ಮುಗಿಯುವಷ್ಟರಲ್ಲಿ ಬುಟ್ಟಿ ಅವಳ ಕೈಗೆ ತಿರುಗಿ ಇಟ್ಟಿರುತ್ತಿದ್ದಳು. ಸುಗ್ಗಿಯ ನಂತರ ಆಕೆ ಹಿಟ್ಟು ತಿರುಗಿ ಕೊಡಲು ಬಂದರೆ ಅವ್ವ ಅಳತೆಯನ್ನು ನೋಡುತ್ತಿರಲಿಲ್ಲ, ಆಕೆಯ ಮುಖವನ್ನು ನೋಡುತ್ತ ಮಾತಾಡುತ್ತಿದ್ದಳು. ಕಡಿಮೆ ಇದ್ದರೂ ಇದ್ದೀತು. ಒಬ್ಬ ಬಡ ಹೆಣ್ಣುಮಗಳು 'ಕೊಡು' ಎಂಬ ಶಬ್ದ ಬಾಯಿಂದ ಆಡದೆಯೇ ಎಷ್ಟೋ ವರ್ಷ ಮಕ್ಕಳನ್ನು ಸಾಕಿದಳು.

ಇದು ನಯ. ಅವ್ವ ನಾಲ್ಕನೆಯ ಇಯತ್ತೆಗಿಂತ ಮುಂದೆ ಓದಿದವಳಲ್ಲ. ಆದರೆ ಎದುರಿನವರ ಮಾನ ಎಲ್ಲಿದೆ, ಅದು ಎಲ್ಲಿ ನೋಯುತ್ತದೆ ಎಂದು ಅವಳ ಕೈಗೆ ತಿಳಿಯುತ್ತಿತ್ತು. ಇದನ್ನು ಹಳೆಯ ಕಾಲದ್ದು ಎಂದು ಯಾರಾದರೂ ಎಸೆದರೆ ನಾನು ಹೋಗಿ ಆರಿಸಿಕೊಂಡು ಬರುತ್ತೇನೆ.

ಇನ್ನೊಂದು ನೆನಪು. ಗಂಡನ ಹೆಸರು ಬಾಯಲ್ಲಿ ಹಿಡಿಯಬಾರದು, ಹಿಡಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂಬ ನಂಬಿಕೆ ಆಗ ಇತ್ತು. ಆದರೆ ಮದುವೆ, ಸೀಮಂತ, ಆರತಿಯ ಹೊತ್ತಿಗೆ ಒಡಪು ಹಾಕಿ ಹೆಸರು ಹೇಳಬೇಕು. ಬಾಗಿಲಿಗೆ ಅಡ್ಡ ನಿಂತ ನಾದಿನಿಯರು ಹೆಸರು ಹೇಳದ ಹೊರತು ಒಳಗೆ ಬಿಡುವುದಿಲ್ಲ. ಆಗ ನೋಡಿ, ಇಡೀ ವರ್ಷ ಬಾಯಿ ಮುಚ್ಚಿಕೊಂಡಿದ್ದ ಹೆಣ್ಣುಮಕ್ಕಳು ಪ್ರಾಸ ಕಟ್ಟಿ, ಹೂವು ಹಣ್ಣು ಹೊಳೆ ಗುಡಿ ಎಲ್ಲವನ್ನೂ ಸುತ್ತಿಸಿ ತಂದು ಕೊನೆಗೆ ಗಂಡನ ಹೆಸರನ್ನು ಸಕ್ಕರೆಯಂತೆ ಉದುರಿಸುತ್ತಿದ್ದರು. ಕೆಲವರು ಅದರಲ್ಲೇ ಅತ್ತೆಗೊಂದು ಚುಚ್ಚುಮಾತು, ಗಂಡನಿಗೊಂದು ಕೊಂಕು ಸೇರಿಸುತ್ತಿದ್ದರು. ಎಲ್ಲರೂ ನಗುತ್ತಿದ್ದರು. ಹೆಸರು ಹೇಳಬಾರದು ಎಂಬ ಕಟ್ಟಿನಿಂದಲೇ ಆ ಚೆಲುವು ಹುಟ್ಟಿತು ಎನ್ನುವುದು ನಿಜ. ಗೋಡೆಯ ಬಿರುಕಿನಲ್ಲಿ ಗಿಡ ಹುಟ್ಟುವುದಿಲ್ಲವೇ? ಹಾಗೆ. ಆದರೆ ಹೂವು ಚೆಂದ ಇದೆಯೆಂದು ಗೋಡೆಗೆ ಕೈ ಮುಗಿಯಬೇಕೆ ಎಂಬುದು ಬೇರೆ ಪ್ರಶ್ನೆ.

ಈಗ ಅಕ್ಕನ ಮಾತಿಗೆ ಬರುತ್ತೇನೆ. ಇದನ್ನು ಬರೆಯುವುದು ನನಗೆ ಸುಲಭವಲ್ಲ.

ಅಕ್ಕನ ಮದುವೆಯಾದದ್ದು 1967ರಲ್ಲಿ. ಹುಬ್ಬಳ್ಳಿಯ ಮನೆತನ, ಅರಿವೆ ಅಂಗಡಿ. ಮಾಮಾ ಒಳ್ಳೆಯ ಮನುಷ್ಯ. ಕುಡಿತವಿಲ್ಲ, ಸಿಟ್ಟಿಲ್ಲ, ಅಂಗಡಿ ಬಿಟ್ಟರೆ ಮನೆ. ಅತ್ತೆ ಮಾವ, ಇಬ್ಬರು ಮೈದುನರು, ಬಂದು ಹೋಗುವ ನೆಂಟರು ಎಲ್ಲರನ್ನೂ ಅಕ್ಕ ಮೂವತ್ತಾರು ವರ್ಷ ಸಂಭಾಳಿಸಿದಳು. ತಲೆನೋವು ಬಂದರೆ ಹಣೆಗೆ ಬಟ್ಟೆ ಕಟ್ಟಿಕೊಂಡು ರೊಟ್ಟಿ ಬಡಿದಳು. ಯಾರಾದರೂ ಕೇಳಿದರೆ 'ಏನಿಲ್ಲ ಬಿಡ್ರಿ' ಎನ್ನುತ್ತಿದ್ದಳು. 'ಏನಿಲ್ಲ' ಎಂಬುದು ಅವಳ ಮಾತೇ ಆಗಿಹೋಗಿತ್ತು.

2003ರ ದೀಪಾವಳಿಗೆ ನಾನು ಹುಬ್ಬಳ್ಳಿಗೆ ಹೋಗಿದ್ದೆ. ಆಗ ಅವಳ ಮಗನ ಕೂಸು ಒಂದು ವರ್ಷದ್ದು. ಅಕ್ಕ ಯಾವಾಗಲೂ ಮಕ್ಕಳನ್ನು ಎಡ ಸೊಂಟದ ಮೇಲೆ ಕೂಡ್ರಿಸಿಕೊಂಡು ಬಲಗೈಯಿಂದ ಕೆಲಸ ಮಾಡುವವಳು. ಅಂದು ಕೂಸನ್ನು ಬಲಕ್ಕೆ ಎತ್ತಿಕೊಂಡಿದ್ದಳು. ಕೂಸು ಎಡಗಡೆ ಎದೆಗೆ ಒರಗಲು ಬಂದರೆ ಮೆಲ್ಲಗೆ ಸರಿಸುತ್ತಿದ್ದಳು. ನಾನು ನೋಡಿದೆ. 'ಏನಾತಕ್ಕ?' ಎಂದೆ. 'ಏನಿಲ್ಲ ಬಿಡು' ಎಂದು ನಕ್ಕಳು. ಆ ನಗೆಯ ಮುಂದೆ ಇನ್ನೊಂದು ಮಾತು ಕೇಳುವುದು ಅಸಭ್ಯ ಎನ್ನಿಸುವಂಥ ನಗೆ ಅದು. ನಾನು ಕೇಳಲಿಲ್ಲ.

ಅವಳ ಎದೆಯಲ್ಲಿ ಗಂಟು ಇತ್ತು. ಅದು ಅವಳ ಕೈಗೆ ಸಿಕ್ಕು ಆಗಲೇ ಕೆಲವು ತಿಂಗಳಾಗಿದ್ದವಂತೆ. ನೋವಿರಲಿಲ್ಲ. ಈ ರೋಗದ ಮೋಸವೇ ಅದು, ಮೊದಲಿಗೆ ಹೆಚ್ಚಿನವರಿಗೆ ನೋವಿರುವುದಿಲ್ಲ. ನೋವಿಲ್ಲದ್ದಕ್ಕೆ ಯಾಕೆ ಗದ್ದಲ ಎಂದುಕೊಂಡಳು. ಅದರ ಮೇಲೆ ಮೈದುನನ ಮಗಳ ಮದುವೆ ಗೊತ್ತಾಗಿತ್ತು, ಅದು ಮುಗಿಯಲಿ ಎಂದುಕೊಂಡಳು. ಎಲ್ಲಕ್ಕಿಂತ ಹೆಚ್ಚಾಗಿ, ಅದು ಇದ್ದ ಜಾಗ. ಆ ಜಾಗದ ಹೆಸರನ್ನು ಗಂಡನ ಮುಂದೆ ಹೇಳಲಾರಳು, ಮಗನ ಮುಂದೆ ಹೇಳಲಾರಳು, ಗಂಡಸು ಡಾಕ್ಟರರಿಗೆ ತೋರಿಸುವುದಂತೂ ದೂರವೇ ಉಳಿಯಿತು. ಗಾಯವಾಗಿ ಸೀರೆಗೆ ಕಲೆ ಬಿದ್ದಾಗಲೇ ಮನೆಯವರಿಗೆ ತಿಳಿದದ್ದು. ಆಸ್ಪತ್ರೆಗೆ ಹೋದಾಗ ರೋಗ ಎಲುಬಿಗೆ ಇಳಿದಿತ್ತು. ಡಾಕ್ಟರರು ಮಾಮಾನನ್ನು ಹೊರಗೆ ಕರೆದು, ವರ್ಷದ ಹಿಂದೆ ಬಂದಿದ್ದರೆ ಮಾತೇ ಬೇರೆ ಇತ್ತು ಎಂದರು. 2004ರ ಶ್ರಾವಣದಲ್ಲಿ ಅಕ್ಕ ತೀರಿಕೊಂಡಳು. ಅವಳಿಗೆ ಐವತ್ತಾರು ವರ್ಷ.

ಮಾತಾಡಿಸಲು ಬಂದವರೆಲ್ಲ ಪಡಸಾಲೆಯಲ್ಲಿ ಕುಳಿತು ಒಂದೇ ಮಾತು ಹೇಳುತ್ತಿದ್ದರು. 'ಎಂಥಾ ಹೆಣ್ಮಗಳು! ಒಂದ ದಿನ ಬ್ಯಾನಿ ಅಂದಾಕಿ ಅಲ್ಲ. ಯಾರಿಗೂ ತ್ರಾಸ ಕೊಡಲಿಲ್ಲ.' ಮಾಮಾ ಕಣ್ಣು ಒರಸಿಕೊಳ್ಳುತ್ತ, 'ಹೌದ್ರಿ, ಮೂವತ್ತಾರು ವರ್ಷದಾಗ ನನಗ ಒಂದು ಮಾತು ತನ್ನ ಸಲುವಾಗಿ ಕೇಳಲಿಲ್ಲ' ಎನ್ನುತ್ತಿದ್ದರು. ನಾನೂ ಅಲ್ಲಿಯೇ ಕುಳಿತು ತಲೆಯಾಡಿಸುತ್ತಿದ್ದೆ. ಮೂರನೆಯ ದಿನವೋ ನಾಲ್ಕನೆಯ ದಿನವೋ, ತಲೆಯಾಡಿಸುತ್ತಿದ್ದಾಗಲೇ ನನಗೆ ಥಟ್ಟನೆ ಹೊಳೆಯಿತು. ನಾವು ಯಾವ ಗುಣವನ್ನು ಹೊಗಳುತ್ತಿದ್ದೆವೋ ಅದೇ ಅವಳನ್ನು ಕೊಂಡೊಯ್ದಿತ್ತು. ರೋಗ ಒಂದು ಕಾರಣ, ನಿಜ. ಆದರೆ ರೋಗಕ್ಕೆ ಒಂದು ವರ್ಷ ಬಾಗಿಲು ತೆರೆದಿಟ್ಟದ್ದು ನಮ್ಮ 'ಲಕ್ಷಣ'.

ಇಲ್ಲಿ ನಿಲ್ಲಿಸಿ, ಹಳೆಯದೆಲ್ಲ ಕೆಟ್ಟದ್ದು ಎಂದು ಬರೆದುಬಿಡುವುದು ಸುಲಭ. ಆದರೆ ಅವ್ವನ ಹಿಟ್ಟಿನ ಬುಟ್ಟಿ ಅಡ್ಡ ಬರುತ್ತದೆ. ಅವ್ವನೂ ನಟಿಸುತ್ತಿದ್ದಳು, ಅಕ್ಕನೂ ನಟಿಸಿದಳು. ಅವ್ವನೂ ಒಂದು ಮಾತನ್ನು ಮುಚ್ಚಿಡುತ್ತಿದ್ದಳು, ಅಕ್ಕನೂ ಮುಚ್ಚಿಟ್ಟಳು. ಒಂದು ನನಗೆ ದೊಡ್ಡ ಗುಣವಾಗಿ ಕಾಣುತ್ತದೆ, ಇನ್ನೊಂದು ದುರಂತವಾಗಿ ಕಾಣುತ್ತದೆ. ವ್ಯತ್ಯಾಸ ಎಲ್ಲಿದೆ?

ಬಹಳ ದಿನ ಯೋಚಿಸಿದ ಮೇಲೆ ನನಗೆ ತಿಳಿದದ್ದು ಇಷ್ಟು. ಅವ್ವ ಮುಚ್ಚಿದ್ದು ಇನ್ನೊಬ್ಬಳ ಅವಮಾನವನ್ನು. ಅದರಿಂದ ಆ ಹೆಣ್ಣುಮಗಳ ಮಕ್ಕಳ ಹೊಟ್ಟೆ ತುಂಬಿತು, ಮಾನವೂ ಉಳಿಯಿತು. ಅಕ್ಕ ಮುಚ್ಚಿದ್ದು ತನ್ನ ಅಗತ್ಯವನ್ನು. ಅದರಿಂದ ಮನೆಗೆ ಕೆಲವು ತಿಂಗಳು ಹಗುರ ಆಯಿತು, ಆಮೇಲೆ ಇಡೀ ಮನೆ ಹೊರಲಾರದ ಭಾರ ಹೊತ್ತಿತು. ಮಾಮಾ ಈಗಿಲ್ಲ. ಆದರೆ ಇದ್ದಷ್ಟು ದಿನ 'ನಾ ಯಾಕ ಕೇಳಲಿಲ್ಲ' ಎಂದು ಕೊರಗುತ್ತಲೇ ಇದ್ದರು. ಹಾಗೆ ನೋಡಿದರೆ ಅಕ್ಕನ ಮೌನ ಯಾರಿಗೂ ತ್ರಾಸ ಕೊಡಲಿಲ್ಲ ಎಂಬ ಮಾತೂ ನಿಜವಲ್ಲ.

ಮತ್ತೆ ನಾನು? ದೀಪಾವಳಿಯ ದಿನ ನಾನು ಮತ್ತೊಮ್ಮೆ ಕೇಳದೆ ಬಿಟ್ಟದ್ದು ಯಾವ ನಯ? ಅಕ್ಕನ ಮರ್ಯಾದೆ ಕಾಯುತ್ತಿದ್ದೇನೆ ಎಂದುಕೊಂಡಿದ್ದೆ. ಸುಳ್ಳು. ಕೇಳಿದರೆ ಏನೋ ಕಷ್ಟದ ಮಾತು ಹೊರಬೀಳುತ್ತದೆ, ಹಬ್ಬದ ದಿನ ಅದು ಬೇಡ ಎಂದು ನನ್ನ ಸುಖವನ್ನು ಕಾಯ್ದುಕೊಂಡೆ. ಸೋಮಾರಿತನಕ್ಕೂ ಅಂಜಿಕೆಗೂ ನಾವು ಎಷ್ಟೋ ಸಲ ಮರ್ಯಾದೆಯ ಸೀರೆ ಉಡಿಸಿಬಿಡುತ್ತೇವೆ.

ಇನ್ನೊಂದು ಸಂಗತಿ ಹೇಳಬೇಕು. ನಮ್ಮ ಹಿಂದಿನವರು ಹೆಣ್ಣುಮಕ್ಕಳಿಗೆ ಬಾಯಿ ಮುಚ್ಚಿಕೊಂಡಿರು ಎಂದಷ್ಟೇ ಹೇಳಿದರೆ? ನಾನೂ ಹಾಗೇ ತಿಳಿದಿದ್ದೆ. ಆದರೆ ಶಾಲೆಯಲ್ಲಿ ಜನಪದ ಗೀತೆಗಳ ಪಾಠ ಮಾಡುತ್ತ ಮಾಡುತ್ತ ನನ್ನ ತಿಳುವಳಿಕೆ ಬದಲಾಯಿತು. ಹಲಸಂಗಿಯ ಗೆಳೆಯರು, ಎಂದರೆ ಮಧುರಚೆನ್ನ, ಸಿಂಪಿ ಲಿಂಗಣ್ಣ ಮೊದಲಾದವರು, ನಮ್ಮ ವಿಜಾಪುರ ಸೀಮೆಯ ಬೀಸುವ ಕುಟ್ಟುವ ಹಾಡುಗಳನ್ನು ಕೂಡಿಸಿ 1931ರಲ್ಲಿ 'ಗರತಿಯ ಹಾಡು' ಎಂದು ಪುಸ್ತಕ ಮಾಡಿದರು. ಗರತಿ ಎಂದರೆ ನಮ್ಮ ಕಣ್ಣ ಮುಂದೆ ಬರುವುದು ತಲೆ ತಗ್ಗಿಸಿದ, ಮಾತಾಡದ ಹೆಣ್ಣು. ಆದರೆ ಆ ತ್ರಿಪದಿಗಳಲ್ಲಿ ಗರತಿ ಮಾತಾಡದೇ ಇರುವ ವಿಷಯವೇ ಇಲ್ಲ. ತವರಿನ ಹಂಬಲ, ಅಣ್ಣ ಬರಲಿಲ್ಲವೆಂಬ ಸಿಟ್ಟು, ಅತ್ತೆಮನೆಯ ಕಾಟ, ಮಕ್ಕಳಿಲ್ಲದ ಸಂಕಟ, ಗಂಡನ ಮೇಲಿನ ಪ್ರೀತಿ, ಅವನ ಮೇಲಿನ ಮುನಿಸು, ಎಲ್ಲವೂ ಅಲ್ಲಿದೆ. ಹಗಲೆಲ್ಲ ಸುಮ್ಮನಿದ್ದ ಹೆಣ್ಣುಮಗಳು ಬೆಳಗಿನ ಜಾವ ಬೀಸುಕಲ್ಲಿನ ಮುಂದೆ ಕುಳಿತಳೆಂದರೆ ಎಲ್ಲವನ್ನೂ ಹೇಳಿಬಿಡುತ್ತಿದ್ದಳು. ಎದುರಿಗೆ ಇನ್ನೊಬ್ಬಳು ಗೂಟ ಹಿಡಿದು ಕೂತಿರುತ್ತಿದ್ದಳು, ಅವಳು ಕೇಳುತ್ತಿದ್ದಳು. ಗೋಡೆಯಾಚೆ ಮಲಗಿದ ಅತ್ತೆಗೂ ಕೇಳುತ್ತಿತ್ತು. ಆದರೆ ಅದು ಹಾಡು, ಅದಕ್ಕೆ ಯಾರೂ ತಪ್ಪು ಹಿಡಿಯುವಂತಿರಲಿಲ್ಲ.

ನಮ್ಮ ಹಳ್ಳಿಗೆ ಹಿಟ್ಟಿನ ಗಿರಣಿ ಬಂದಾಗ ನಾನು ಮೂರನೆಯ ಇಯತ್ತೆಯಲ್ಲಿದ್ದೆ. ಅವ್ವನ ಕೈಯ ಬೊಬ್ಬೆಗಳು ಮಾಯವಾದವು, ಒಂದು ತಾಸು ಹೆಚ್ಚು ನಿದ್ದೆ ಸಿಕ್ಕಿತು. ಬೀಸುಕಲ್ಲು ತಿರುಗಿ ಬರಲಿ ಎಂದು ನಾನು ಕನಸಿನಲ್ಲೂ ಅನ್ನುವುದಿಲ್ಲ. ಅದನ್ನು ಬೀಸಿದವರಿಗೆ ಗೊತ್ತು ಅದರ ತೂಕ. ಆದರೆ ಕಲ್ಲಿನ ಜೊತೆಗೆ ಇನ್ನೇನೋ ಹೋಯಿತು. ಆಮೇಲೆ ಮನೆಗೆ ನಲ್ಲಿ ಬಂತು, ಬಾವಿಕಟ್ಟೆಯ ಮಾತು ಹೋಯಿತು. ಓಣಿ ಬಿಟ್ಟು ಕಾಲೊನಿಗೆ ಬಂದೆವು, ಕಟ್ಟೆಯ ಮಾತು ಹೋಯಿತು. ಹೇಳಿಕೊಳ್ಳುವ ಜಾಗಗಳು ಒಂದೊಂದಾಗಿ ಹೋದವು. ಆದರೆ ಸುಮ್ಮನಿರು ಎಂಬ ಉಪದೇಶ ಮಾತ್ರ ಬಂಗಾರದ ಸರದ ಹಾಗೆ ತಾಯಿಯಿಂದ ಮಗಳಿಗೆ ಬಂದೇ ಬಂತು. ಅಕ್ಕನ ಅಡುಗೆಮನೆಯಲ್ಲಿ ಗ್ಯಾಸಿತ್ತು, ಮಿಕ್ಸರ್ ಇತ್ತು, ಫ್ರಿಜ್ ಇತ್ತು. ಎದುರಿಗೆ ಗೂಟ ಹಿಡಿದು ಕೂತು ಕೇಳುವವಳು ಮಾತ್ರ ಇರಲಿಲ್ಲ. ಮಿಕ್ಸರಿನ ಗದ್ದಲದಲ್ಲಿ ಯಾರು ಹಾಡುತ್ತಾರೆ?

ಹಳೆಯದನ್ನು ಹಿಡಿದುಕೊಳ್ಳಿ ಎಂದು ಹೇಳುವವರು ಇದನ್ನು ಗಮನಿಸಬೇಕು. ಅವರು ಹಳೆಯದನ್ನು ಪೂರ್ತಿ ಕೊಡುತ್ತಿಲ್ಲ, ಅರ್ಧ ಕೊಡುತ್ತಿದ್ದಾರೆ. ಮೌನವನ್ನು ಕೊಟ್ಟು ಹಾಡನ್ನು ಇಟ್ಟುಕೊಂಡಿದ್ದಾರೆ.

ಸಂಚಿಯ ಹೊನ್ನಮ್ಮನನ್ನು ನೆನೆಸಿಕೊಳ್ಳಿ. ಮೈಸೂರಿನಲ್ಲಿ 1673ರಿಂದ 1704ರವರೆಗೆ ಆಳಿದ ಚಿಕ್ಕದೇವರಾಜ ಒಡೆಯರ ಅರಮನೆಯಲ್ಲಿ ಎಲೆಯಡಿಕೆಯ ಸಂಚಿ ಹಿಡಿಯುವ ಊಳಿಗದವಳು ಆಕೆ. ಹೆಂಡತಿಯಾದವಳು ಹೇಗಿರಬೇಕು ಎಂದು ಹೇಳಲೆಂದೇ ಸಾಂಗತ್ಯದಲ್ಲಿ 'ಹದಿಬದೆಯ ಧರ್ಮ' ಬರೆದಳು. ಕನ್ನಡದಲ್ಲಿ ಹೆಂಗಸರಿಗೆ ಹೆಂಗಸೇ ಹೇಳಿದ ಬುದ್ಧಿಮಾತಿನ ಪುಸ್ತಕ ಎಂದರೆ ಮೊದಲು ನೆನಪಾಗುವುದು ಅದೇ. ಗಂಡನ ಸೇವೆ, ಅತ್ತೆಮಾವಂದಿರ ಸೇವೆ, ನಡೆನುಡಿ ಎಲ್ಲವೂ ಅದರಲ್ಲಿದೆ. ಈಗ ಓದಿದರೆ ಎಷ್ಟೋ ಕಡೆ ಮನಸ್ಸು ಒಪ್ಪುವುದಿಲ್ಲ. ಆದರೆ ಅದೇ ಪುಸ್ತಕದಲ್ಲಿ ಹೊನ್ನಮ್ಮ ನಡುವೆ ನಿಂತು, ಹೆತ್ತವಳು ಹೆಣ್ಣು, ಸಾಕಿದವಳು ಹೆಣ್ಣು, ಹಾಗಿದ್ದೂ ಹೆಣ್ಣುಮಗುವನ್ನು ಹೀಗಳೆಯುವವರು ಎಂಥ ಕುರುಡರು ಎಂದು ಕೇಳಿಬಿಡುತ್ತಾಳೆ. ನಾನು ತರಗತಿಯಲ್ಲಿ ಆ ಭಾಗ ಓದಿದಾಗಲೆಲ್ಲ ಹಿಂದಿನ ಬೆಂಚಿನ ಹುಡುಗಿಯರೂ ತಲೆ ಎತ್ತುತ್ತಿದ್ದರು. ರಾಜನ ಅರಮನೆಯಲ್ಲಿ ಕುಳಿತು, ವಿನಯದ ಪಾಠ ಹೇಳುತ್ತಲೇ, ಆ ಪ್ರಶ್ನೆ ಕೇಳಿದಳು ಆಕೆ. ವಿನಯವೂ ಪ್ರಶ್ನೆಯೂ ಒಂದೇ ಬಾಯಲ್ಲಿ ಇರಲು ಸಾಧ್ಯ ಎಂದಾಯಿತಲ್ಲ. ಅವಳ ವಿನಯವನ್ನಷ್ಟೇ ಕತ್ತರಿಸಿ ತೆಗೆದು ಹುಡುಗಿಯರ ಕೈಗೆ ಕೊಟ್ಟವರು ನಾವು.

ಇಷ್ಟೆಲ್ಲ ಯೋಚಿಸಿ ಕುಳಿತಿದ್ದಾಗ ಕಳೆದ ವಾರ ಮದುಮಗಳೇ ಬಂದಳು. ಎರಡು ದಿನ ಇರಲು ಬಂದಿದ್ದಳು. ಜೀನ್ಸು, ಅಂಗಿ, ಹೆಗಲಿಗೆ ಚೀಲ. ಒಳಗೆ ಬಂದವಳೇ ಅಡುಗೆಮನೆಗೆ ಹೋಗಿ, ನಮ್ಮ ಮನೆಗೆಲಸದಾಕೆ ನಿಂತುಕೊಂಡೇ ಚಹಾ ಕುಡಿಯುತ್ತಿದ್ದುದನ್ನು ಕಂಡು, ಮಾತಿಲ್ಲದೆ ಒಂದು ಕುರ್ಚಿ ತಂದು ಆಕೆಯ ಪಕ್ಕ ಇಟ್ಟು, 'ಮೌಶಿ, ಈ ಊರಾಗ ಮಳಿ ಹೆಂಗೈತಿ?' ಎಂದು ಕೇಳುತ್ತ ತಾನೂ ಒಂದು ಮಣೆಯ ಮೇಲೆ ಕುಳಿತಳು. ಆಕೆ ಮಾತಾಡುತ್ತ ಮಾತಾಡುತ್ತ ತನಗೆ ಅರಿವಿಲ್ಲದೆಯೇ ಕುರ್ಚಿಯ ಮೇಲೆ ಕುಳಿತುಬಿಟ್ಟಳು. ಹನ್ನೆರಡು ವರ್ಷದಲ್ಲಿ ಆಕೆ ನಮ್ಮ ಮನೆಯಲ್ಲಿ ಕುರ್ಚಿಯ ಮೇಲೆ ಕುಳಿತದ್ದು ಅದೇ ಮೊದಲು. ನನಗೆ ನಾಚಿಕೆಯಾಯಿತು. ಹಿಟ್ಟಿನ ಬುಟ್ಟಿ ನೆನಪಾಯಿತು. ಅವ್ವನನ್ನು ಕಂಡೇ ಇಲ್ಲದ ಈ ಹುಡುಗಿಗೆ ಅವ್ವನ ಕೈ ಎಲ್ಲಿಂದ ಬಂತು?

ರಾತ್ರಿ ಊಟವಾದ ಮೇಲೆ ಪೆಟ್ಟಿಗೆಯಿಂದ ಅಕ್ಕನ ಒಂದು ಇಳಕಲ್ಲ ಸೀರೆ ತೆಗೆದು ಅವಳ ಮುಂದಿಟ್ಟೆ. ಗೋಮಿ ದಡಿ, ಕೆಂಪು ಸೆರಗಿಗೆ ಬಿಳಿಯ ತೋಪು ತೆನೆ. ಅವಳು ಸೆರಗು ಬಿಚ್ಚಿ ನೋಡುತ್ತಿದ್ದಾಗ ನಾನು ಒಡಲು ಸೆರಗು ಕೂಡುವ ಜಾಗ ತೋರಿಸಿದೆ. ಇಳಕಲ್ಲ ಸೀರೆಯಲ್ಲಿ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಒಡಲು ನೂಲಿನದ್ದಿದ್ದರೂ ಸೆರಗು ರೇಶಿಮೆಯದು. ಎರಡರ ಎಳೆಗಳನ್ನೂ ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿ ಆಮೇಲೆ ನೇಯುತ್ತಾರೆ. ಆ ಕೊಂಡಿಯೇ ಆ ಸೀರೆಯ ಗುಟ್ಟು.

'ನಿಮ್ಮ ಅವ್ವ ನಿನಗ ನಮ್ಮ ಅಕ್ಕನ ಹಂಗ ಇರು ಅಂತ ಹೇಳಂದಾಳ' ಎಂದೆ.

'ಹೇಳು ಮತ್ತ' ಎಂದಳು. ಕಣ್ಣಲ್ಲಿ ತುಂಟತನವಿತ್ತು.

ನಾನು ಹೇಳಿದೆ. ಬಂದವರಿಗೆ ಮೊದಲು ನೀರು ಕೊಡುವುದರಲ್ಲಿ, ಬಡವರ ಮಾನ ಕಾಯುವುದರಲ್ಲಿ ಅಜ್ಜಿಯ ಹಾಗೆ ಇರು. ಆದರೆ ಅದನ್ನು ನಿನ್ನ ಗಂಡನಿಗೂ ಕಲಿಸು, ನಾಳೆ ಮಗ ಹುಟ್ಟಿದರೆ ಅವನಿಗೂ ಕಲಿಸು. ಒಳ್ಳೆಯ ಗುಣವಾದರೆ ಅದು ಸೀರೆ ಉಟ್ಟವರಿಗೆ ಮಾತ್ರ ಯಾಕೆ? ಮೆಲ್ಲಗೆ ಮಾತಾಡು, ಅದು ಚೆಂದ. ಆದರೆ ಮೆಲ್ಲಗಾದರೂ ಮಾತಾಡು. ನೋವನ್ನು ನುಂಗುವುದರಲ್ಲಿ ಮಾತ್ರ ಅಜ್ಜಿಯ ಹಾಗೆ ಇರಬೇಡ. ಮೈಯಲ್ಲಿ ಗಂಟು ಸಿಕ್ಕರೆ, ಚರ್ಮ ಒಳಗೆ ಸೆಳೆದುಕೊಂಡರೆ, ತೊಟ್ಟಿನಿಂದ ರಕ್ತ ಬಂದರೆ, ನೋವಿರಲಿ ಬಿಡಲಿ, ಅವತ್ತೇ ಬಾಯಿ ಬಿಟ್ಟು ಹೇಳು. ಹೆಚ್ಚಿನ ಗಂಟುಗಳು ಆ ರೋಗದವಾಗಿರುವುದಿಲ್ಲ, ಆದರೆ ಅದನ್ನು ಹೇಳಬೇಕಾದವರು ಡಾಕ್ಟರು, ನಮ್ಮ ನಾಚಿಕೆ ಅಲ್ಲ. ಹಾಗೆಯೇ ಇನ್ನೊಬ್ಬರು 'ಏನಿಲ್ಲ' ಅಂದರೆ ಒಂದೇ ಸಲ ಕೇಳಿ ಬಿಡಬೇಡ. ಎರಡನೆಯ ಸಲ ಕೇಳು. ನಾನು ಕೇಳಲಿಲ್ಲ.

ನಾನು ಮಾತು ಮುಗಿಸಿದಾಗ ಹುಡುಗಿ ಅಳುತ್ತಿದ್ದಳು. ಅಜ್ಜಿ ತೀರಿಕೊಂಡಾಗ ಅವಳಿಗೆ ಏಳು ವರ್ಷ, ಯಾರೂ ಅವಳಿಗೆ ಕಾರಣ ಹೇಳಿರಲಿಲ್ಲವಂತೆ. ಕಣ್ಣು ಒರಸಿಕೊಂಡು ನನ್ನನ್ನೇ ನೋಡಿ, 'ಸಣ್ಣಜ್ಜಿ, ನೀ ತೋರಿಸಿಕೊಂಡೀಯೇನ? ಒಡಹುಟ್ಟಿದಾಕಿಗೆ ಬಂದಿತ್ತಂದ್ರ ನೀ ತೋರಿಸಿಕೊಳ್ಳಾಕ ಬೇಕಲ್ಲ' ಎಂದಳು.

'ನನಗೇನಾಗೇತಿ, ಏನಿಲ್ಲ ಬಿಡು' ಎಂದೆ.

ಅಂದ ಮೇಲೆ ನನಗೇ ಕೇಳಿಸಿತು. ಇಪ್ಪತ್ತು ವರ್ಷದಿಂದ ಅಕ್ಕನ ಮೌನದ ಬಗ್ಗೆ ಯೋಚಿಸುತ್ತಿದ್ದವಳು, ಈಗಷ್ಟೇ ಅದರ ಮೇಲೆ ಭಾಷಣ ಮಾಡಿದವಳು, ಒಂದು ಸಲವೂ ಆಸ್ಪತ್ರೆಯ ಮೆಟ್ಟಿಲು ಹತ್ತಿರಲಿಲ್ಲ. ಹುಡುಗಿ ನಗಲಿಲ್ಲ. ಸುಮ್ಮನೆ ಇನ್ನೊಮ್ಮೆ ಕೇಳಿದಳು. 'ಖರೇನ ಏನಿಲ್ಲೇನ? ನಾಳೆ ಹೋಗೂಣ ನಡಿ.'

ಮರುದಿನ ಅವಳೇ ಕರೆದುಕೊಂಡು ಹೋದಳು. ಹೊರಗೆ ಬೆಂಚಿನ ಮೇಲೆ ನನ್ನ ವಯಸ್ಸಿನ ಹೆಂಗಸರು ಮೂರು ನಾಲ್ಕು ಮಂದಿ ಕುಳಿತಿದ್ದರು. ಎಲ್ಲರ ಸೆರಗೂ ಹೆಗಲು ತುಂಬ ಹೊದ್ದಿತ್ತು, ಎಲ್ಲರ ಕಣ್ಣೂ ನೆಲದ ಮೇಲಿತ್ತು. ನನ್ನ ಸರದಿ ಬಂದಾಗ ನರ್ಸ್ ಬಾಯಿ ಕಾಗದ ಬರೆಯುತ್ತ, 'ಏನ್ ತ್ರಾಸ ಐತ್ರಿ?' ಎಂದು ಕೇಳಿದಳು. ಬಾಯಿಗೆ ಮೊದಲು ಬಂದದ್ದು ಅದೇ ಹಳೆಯ ಮಾತು. ಹುಡುಗಿ ನನ್ನ ಕೈ ಹಿಡಿದಿದ್ದಳು. ಅದನ್ನು ನುಂಗಿ, 'ನಮ್ಮ ಅಕ್ಕಗ ಎದಿಯ ಕ್ಯಾನ್ಸರ್ ಆಗಿತ್ರಿ. ನನಗೂ ನೋಡಿಸಿಕೊಳ್ಳೂದೈತಿ' ಎಂದೆ. ಅಷ್ಟು ಜನರ ಮುಂದೆ ಆ ಮಾತು ಅಂದದ್ದು ನನ್ನ ಜನ್ಮದಲ್ಲಿ ಅದೇ ಮೊದಲು. ದನಿ ಮೆಲ್ಲಗೇ ಇತ್ತು.

ಪಕ್ಕದಲ್ಲಿ ಕುಳಿತಿದ್ದ ಹೆಂಗಸು ತಲೆ ಎತ್ತಿ ನನ್ನನ್ನು ನೋಡಿದಳು. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆಗೆ ಸರಿದು ಕೂತು, 'ಅಕ್ಕಾರ, ನನಗೂ ಒಂದು ಮಾತು ಕೇಳೂದಿತ್ತರಿ' ಎಂದಳು.

ನಾನು ಅವಳಿಗೆ ಜಾಗ ಮಾಡಿಕೊಟ್ಟೆ.